ಹತ್ತು ಗಂಟೆಯ ಮನೆ

ಬೆಳಿಗ್ಗೆ ಮನೆ ಬಿಡುವ ಮುನ್ನ ಬೀಗದಕ್ಕ ಒಂದು ಕೆಲಸವನ್ನು ಎಂದೂ ತಪ್ಪಿಸುತ್ತಿರಲಿಲ್ಲ. ಗೋಡೆಯ ಮೊಳೆಯಿಂದ ಬೀಗದಕೈ ಗೊಂಚಲನ್ನು ತೆಗೆದು, ಎರಡೂ ಅಂಗೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಇವತ್ತು ಈ ಬಾಗಿಲುಗಳನ್ನು ದಾಟುವವರೆಲ್ಲ ಚೆನ್ನಾಗಿರಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತಿದ್ದಳು. ಜ್ವರ ಬಂದ ದಿನವೂ, ಗಂಡ ತೀರಿಕೊಂಡ ಮೇಲೆ ಮೊದಲ ಸಲ ಹೊಸ್ತಿಲು ದಾಟಿದ ದಿನವೂ ಅದನ್ನು ಬಿಟ್ಟವಳಲ್ಲ. ಆಮೇಲೆ ಚೀಲ ಹೆಗಲಿಗೇರಿಸಿ ಬೀದಿಗಿಳಿದರೆ ಕಾಲಿಗೆ ಬಿಡುವಿರುತ್ತಿರಲಿಲ್ಲ.

ಆಕೆ ಮನೆ ಕೊಡಿಸುವ ದಲ್ಲಾಳಿ. ಊರಿನ ಈ ಮಗ್ಗುಲಿನಲ್ಲಿ ಯಾರ ಮನೆ ಖಾಲಿ ಬಿದ್ದರೂ ಅದರ ಬೀಗದಕೈ ಬಂದು ಸೇರುವುದು ಆಕೆಯ ಗೊಂಚಲಿಗೇ. ಬೀಗದಕ್ಕ ಎಂಬ ಹೆಸರು ಬಿದ್ದದ್ದೂ ಹಾಗೆಯೇ.

ವರ್ಷದ ಹತ್ತು ತಿಂಗಳು ನೊಣ ಹೊಡೆಯುತ್ತ ಕೂರುವ ಕಸುಬು ಅದು. ಮರಗಳು ಚಿಗುರುವ ಎರಡು ತಿಂಗಳು ಮಾತ್ರ ಉಸಿರಾಡಲು ಪುರುಸೊತ್ತಿಲ್ಲ. ಗೋಡೆಯ ತೇವ ಆರಿರುತ್ತದೆ, ಬಳಿದ ಬಣ್ಣ ನಿಲ್ಲುತ್ತದೆ, ಕತ್ತಲೆ ಕೋಣೆಗೂ ಒಂದು ತುಣುಕು ಬಿಸಿಲು ಬಂದು ಬೀಳುತ್ತದೆ. ಮಾರುವವರೆಲ್ಲ ಅದಕ್ಕೇ ಕಾದಿರುತ್ತಾರೆ. ಕೊಳ್ಳುವವರಿಗೆ ಶಾಲೆ ತೆರೆಯುವುದರೊಳಗೆ ಮಕ್ಕಳನ್ನು ಕರೆದುಕೊಂಡು ಹೊಸ ಮನೆಗೆ ಹೋಗಿಬಿಡುವ ಆತುರ. ಒಂದು ಮನೆಗೆ ನಾಲ್ಕು ಜನ ಮುಗಿಬೀಳುತ್ತಾರೆ. ನಾಳೆ ಇನ್ನೊಮ್ಮೆ ಬಂದು ನೋಡುತ್ತೇವೆ ಎಂದವರಿಗೆ ಬೀಗದಕ್ಕ, ಧಾರಾಳವಾಗಿ ಬನ್ನಿ, ಆದರೆ ನಾಳೆ ಇದು ಇರುತ್ತದೆ ಎಂದು ನಾನು ಹೇಳಲಾರೆ ಎನ್ನುತ್ತಿದ್ದಳು. ಆ ಮಾತು ಸುಳ್ಳಲ್ಲ. ಆದರೂ ಅದನ್ನು ಕೇಳಿದವರು ಎರಡನೆಯ ಸಲ ನೋಡದೆಯೇ ಮುಂಗಡ ಕೊಡುತ್ತಿದ್ದರು.

ದಲ್ಲಾಳಿಗಳ ನಡುವೆ ಒಂದು ಒಳಮಾತಿತ್ತು. ಪ್ರತಿ ಮನೆಗೂ ಒಂದು ವೇಳೆ ಇರುತ್ತದೆ, ಆ ವೇಳೆಗೇ ಅದನ್ನು ತೋರಿಸಬೇಕು. ದಿನವಿಡೀ ಕತ್ತಲಾಗಿದ್ದು ಸಂಜೆ ಮಾತ್ರ ಬೆಳಗುವುದು ನಾಲ್ಕು ಗಂಟೆಯ ಮನೆ. ಆರು ದಿನ ಮಕ್ಕಳ ಕೂಗಾಟ ಕೇಳುವ ಶಾಲೆಯ ಪಕ್ಕದ್ದು ಭಾನುವಾರದ ಮನೆ. ಗಲ್ಲಿಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರದ್ದು ಹತ್ತು ಗಂಟೆಯ ಮನೆ.

ಆ ಮನೆಯ ಹಿಂದೆ ಕಬ್ಬಿಣದ ಗೇಟು, ಕಿಟಕಿ ಸರಳು ಮಾಡುವ ಒಂದು ಶೆಡ್ಡು. ಶೆಡ್ಡಿನವನು ಬೆಳಿಗ್ಗೆಯೆಲ್ಲ ಹೊರಗೆ ಹೋಗಿ ಗೇಟು ಕೂರಿಸಿ, ಹನ್ನೊಂದಕ್ಕೆ ಬಂದು ಬಾಗಿಲು ತೆಗೆಯುತ್ತಿದ್ದ. ಅಲ್ಲಿಂದ ಕತ್ತಲಾಗುವ ತನಕ ಕಬ್ಬಿಣ ಕೊಯ್ಯುವ ಯಂತ್ರದ್ದೇ ರಾಜ್ಯ. ಮನೆಗೂ ಶೆಡ್ಡಿಗೂ ನಡುವೆ ಒಂದು ದೊಡ್ಡ ಮರ. ಚಳಿಗಾಲದಲ್ಲಿ ಅದರ ಎಲೆಯೆಲ್ಲ ಉದುರಿ, ಮಲಗುವ ಕೋಣೆಯ ಕಿಟಕಿಯಿಂದ ತುಕ್ಕು ಹಿಡಿದ ತಗಡು, ಸರಳಿನ ರಾಶಿ ಎಲ್ಲ ಕಾಣುತ್ತಿತ್ತು. ಮುದುಕರು ಮಾರಬೇಕೆಂದು ಬಂದದ್ದು ಆ ಚಳಿಯಲ್ಲಿ. ಇಷ್ಟು ವರ್ಷ ಅಲ್ಲಿದ್ದು ಅವರ ಕಿವಿ ಅರ್ಧ ಹೋಗಿತ್ತು. ಬೀಗದಕ್ಕನೇ ಅವರ ಕಿವಿಯ ಹತ್ತಿರ ಬಾಗಿ ಹೇಳಿದ್ದಳು:

“ಎಲೆ ಬರ್ಲಿ ಯಜಮಾನ್ರೇ. ಆಮೇಲೆ ತೋರ್ಸೋಣ.”

ಎಲೆ ಬಂತು. ಕಿಟಕಿಗೆ ಹಸಿರು ಪರದೆ ಕಟ್ಟಿದಂತಾಯಿತು. ಅದೇ ವಾರ ಪಕ್ಕದ ಬೀದಿಯ ದಲ್ಲಾಳಿ, ಎಲ್ಲರೂ ಮೀಸೆ ಎಂದು ಕರೆಯುವವನು, ಫೋನು ಮಾಡಿದ. ತನ್ನ ಕಡೆ ಒಬ್ಬ ಹೆಂಗಸಿದ್ದಾರೆ, ಒಂಟಿ ಜೀವ, ಸದ್ದುಗದ್ದಲ ಇಲ್ಲದ ಮನೆ ಬೇಕಂತೆ ಎಂದ. ಸದ್ದಿಲ್ಲದ ಮನೆ ಎಂದಾಗ ಬೀಗದಕ್ಕನ ನಾಲಿಗೆ ಒಂದು ಗಳಿಗೆ ತಡೆಯಿತು. ಆದರೆ ಅಂದು ಇನ್ನೂ ಮೂರು ಕಡೆ ಜನ ಕಾದಿದ್ದರು, ಮುದುಕರು ದಿನಕ್ಕೆರಡು ಸಲ ಬಂದು ತಲೆ ತಿನ್ನುತ್ತಿದ್ದರು.

“ಹತ್ತು ಗಂಟೆ ಮನೆ ಒಂದಿದೆ ನೋಡಪ್ಪ” ಎಂದಳು.

“ಅಷ್ಟು ಅಂದ್ರೆ ಸಾಕು ಬಿಡಕ್ಕ. ಒಂಬತ್ತೂ ಮುಕ್ಕಾಲಿಗೇ ಅವರನ್ನ ತಂದು ನಿಲ್ಲಿಸ್ತೀನಿ” ಎಂದು ಅವನು ನಕ್ಕ.

ಆ ಹೆಂಗಸು ಯಾರು ಎಂದು ಆಕೆ ಕೇಳಲಿಲ್ಲ. ಕೇಳಿದರೆ ಒಂದು ಮುಖ ಕಣ್ಣೆದುರು ಬರುತ್ತದೆ, ಮುಖ ಬಂದರೆ ಬಾಯಿ ಕಟ್ಟುತ್ತದೆ. ಇದು ಇಷ್ಟು ವರ್ಷದ ಕಸುಬಿನಲ್ಲಿ ಆಕೆ ತಾನಾಗಿಯೇ ಕಲಿತದ್ದು. ಬೀಗದಕೈಯನ್ನು ಮೀಸೆಯೇ ಬಂದು ಒಯ್ದು ಮನೆ ತೋರಿಸಿದ. ಎರಡನೆಯ ದಿನಕ್ಕೇ ಮಾತು ಮುಗಿಯಿತು, ಮನೆ ಹೋಯಿತು.

ಮೂರು ವಾರದ ಮೇಲೆ, ಮೊಣಕಾಲು ನೋವಿಗೆ ಮುಲಾಮು ತರಲು ಹೋದ ಔಷಧಿ ಅಂಗಡಿಯಲ್ಲಿ ಯಾರೋ ಅಕ್ಕಾ ಎಂದು ಕರೆದರು. ತಿರುಗಿದರೆ ನರ್ಸಮ್ಮ. ಬೀಗದಕ್ಕನ ಗಂಡ ಆಸ್ಪತ್ರೆಯಲ್ಲಿ ಕೊನೆಯ ದಿನಗಳನ್ನು ಕಳೆದದ್ದು ಇವಳ ಕೈಯಲ್ಲಿ. ಪಾಳಿ ಮುಗಿದ ಮೇಲೂ ಹೋಗದೆ ಅವನ ತುಟಿಗೆ ಹನಿ ಹನಿಯಾಗಿ ನೀರು ಹಚ್ಚುತ್ತ ಕೂತವಳು. ಈಗ ನೋಡಿದರೆ ಅವಳ ಕಣ್ಣು ಕೆಂಡ, ಕೆನ್ನೆ ಇಳಿದುಹೋಗಿದೆ, ಕೈಯಲ್ಲೊಂದು ಹತ್ತಿಯ ಉಂಡೆ.

ಅವಳೇ ಹೇಳಿದಳು. ಒಂದು ಮನೆ ಕೊಂಡಿದ್ದಾಳೆ, ಮರದ ಪಕ್ಕದ್ದು. ನೋಡಲು ಹೋದಾಗ ಹಕ್ಕಿ ರೆಕ್ಕೆ ಬಡಿದದ್ದೂ ಕೇಳಿಸುವಷ್ಟು ಸದ್ದಿಲ್ಲದೆ ಇತ್ತು. ಆಮೇಲೆ ಗೊತ್ತಾಯಿತು ಹಿಂದೆ ಏನಿದೆ ಎಂದು. ರಾತ್ರಿ ಪಾಳಿ ಮಾಡುವವಳಿಗೆ ಹಗಲೇ ನಿದ್ದೆ. ಮೊನ್ನೆ ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡಲು ಹೋಗಿ, ಲೋಟ ತುಟಿ ಮುಟ್ಟುವ ಮೊದಲು ಎಚ್ಚರವಾಗಿ ಕಿತ್ತುಕೊಂಡಳಂತೆ.

“ನಾನೇ ದಡ್ಡಿ ಅಕ್ಕ. ಮಧ್ಯಾಹ್ನ ಒಂದ್ಸಲ ಹೋಗಿ ನೋಡ್ಬೇಕಿತ್ತು” ಎಂದು ನರ್ಸಮ್ಮ ತನ್ನ ತಲೆಯನ್ನೇ ತಟ್ಟಿಕೊಂಡಳು. ಆಮೇಲೆ, ನೀವು ನೂರು ಮನೆ ಕಂಡವರು, ದಪ್ಪ ಪರದೆ ಹಾಕಿದರೆ ಸದ್ದು ಕಡಿಮೆಯಾದೀತೇ, ಒಮ್ಮೆ ಬಂದು ನೋಡಿ ಹೇಳುತ್ತೀರಾ ಎಂದು ಕೇಳಿದಳು.

ಬೀಗದಕ್ಕ ಮರುದಿನ ಎರಡು ಗಂಟೆಗೆ ಹೋದಳು. ಆ ಮನೆಗೆ ಎಷ್ಟೋ ಸಲ ಕಾಲಿಟ್ಟಿದ್ದಳು, ಹನ್ನೊಂದರ ನಂತರ ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ. ಮೆಟ್ಟಿಲಲ್ಲೇ ಹಲ್ಲು ಜುಮ್ಮೆನ್ನುವ ಸದ್ದು. ಮಲಗುವ ಕೋಣೆಯ ಕಿಟಕಿಗೆ ನರ್ಸಮ್ಮ ಹಳೆಯ ರಜಾಯಿಯನ್ನು ಮೊಳೆ ಹೊಡೆದು ಕಟ್ಟಿದ್ದಳು. ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿತ್ತು. ಹಾಸಿಗೆಯನ್ನು ಎಳೆದೆಳೆದು ಕೊನೆಗೆ ಬಚ್ಚಲಿನ ಬಾಗಿಲಿಗೆ ತಂದು ಹಾಕಿದ್ದಳು. ಅಲ್ಲಿ ಒಂದಿಷ್ಟು ವಾಸಿಯಂತೆ.

ಬೀಗದಕ್ಕ ನೆಲ ನೋಡುತ್ತ, ಈ ಮನೆಯ ಬೀಗದಕೈ ತನ್ನ ಹತ್ತಿರವೇ ಇತ್ತು ಎಂದು ಮೆಲ್ಲಗೆ ಹೇಳಿದಳು. ನರ್ಸಮ್ಮನಿಗೆ ಕೇಳಿಸಲಿಲ್ಲ. ಕಿವಿಯಿಂದ ಹತ್ತಿ ತೆಗೆದು ಹತ್ತಿರ ಬಂದಳು. ಬೀಗದಕ್ಕ ಇನ್ನೊಮ್ಮೆ ಹೇಳಿದಳು, ಆಗಲೂ ಕೇಳಿಸಲಿಲ್ಲ. ಪಿಸುಗುಟ್ಟಿ ಮುಗಿಸಬೇಕಾದ ಮಾತನ್ನು ಆ ಮನೆಯಲ್ಲಿ ಕೂಗಿಯೇ ಹೇಳಬೇಕಿತ್ತು. ಬೀಗದಕ್ಕ ಕೂಗಿದಳು. ಅರ್ಧದಲ್ಲಿ ಯಂತ್ರ ತಟ್ಟನೆ ನಿಂತಿತು, ಉಳಿದ ಮಾತು ಬರಿಗೋಡೆಗೆ ಬಡಿದು ಕೋಣೆಯೆಲ್ಲ ತುಂಬಿತು:

“...ಬೇಕು ಅಂತಾನೇ ಹತ್ತು ಗಂಟೆಗೆ ಕಳ್ಸಿದ್ದು.”

ನರ್ಸಮ್ಮ ಹತ್ತಿಯನ್ನು ಬೆರಳಲ್ಲಿ ಮತ್ತೆ ಮತ್ತೆ ಉಂಡೆ ಮಾಡಿದಳು.

“ಸದ್ದಿಲ್ಲದ ಮನೆ ಬೇಕು ಅಂತ ಆ ಮೀಸೆಯವರಿಗೆ ಹೇಳಿದ್ದೆ” ಎಂದಳು. “ಅವರು ನಿಮಗೆ ಅದನ್ನ ಹೇಳಿರ್ಲಿಲ್ಲ ಅಲ್ವಾ?”

ಆ ಪ್ರಶ್ನೆಯಲ್ಲಿ ಒಂದು ಬಾಗಿಲು ತೆರೆದಿತ್ತು. ಇಲ್ಲ ಎಂದರೆ ಪಾಪದ ಮುಕ್ಕಾಲು ಪಾಲು ಮೀಸೆಯ ತಲೆಗೆ ಹೋಗುತ್ತಿತ್ತು. ಅವನೂ ಬೇಸರಪಡುವವನಲ್ಲ.

“ಹೇಳಿದ್ದ” ಎಂದಳು ಬೀಗದಕ್ಕ.

ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಬೀಗದಕ್ಕನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಬೀಗದಕ್ಕನೇ ತಡವರಿಸುತ್ತ, ಇನ್ನೂ ಹದಿನೈದು ದಿನ ಜನ ಬರುತ್ತಾರೆ, ನಾನೇ ನಿಂತು ಇದನ್ನು ಮಾರಿಕೊಡುತ್ತೇನೆ, ನನಗೊಂದು ಬಿಡಿಗಾಸೂ ಬೇಡ ಎಂದಳು.

“ಎಷ್ಟು ಗಂಟೆಗೆ ಕರ್ಕೊಂಡು ಬರ್ತೀರಿ ಅಕ್ಕ?”

ಅದರಲ್ಲಿ ಕೊಂಕು ಇರಲಿಲ್ಲ. ರೋಗಿಯನ್ನು ಎಲ್ಲಿ ನೋಯುತ್ತದೆ ಎಂದು ಕೇಳುವ ದನಿಯಲ್ಲೇ ಕೇಳಿದಳು. ಬೀಗದಕ್ಕ ಎರಡು ಗಂಟೆಗೆ ಎನ್ನಲು ಬಾಯಿ ತೆರೆದಳು. ಎರಡು ಗಂಟೆಗೆ ನೋಡಿದವರು ಯಾರೂ ಇದನ್ನು ಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

“ಇನ್ನೊಬ್ಬರನ್ನ ಇಲ್ಲಿ ತಂದು ಮಲಗಿಸಿ ನಾನು ಎಲ್ಲಿ ಹೋಗಿ ನಿದ್ದೆ ಮಾಡ್ಲಿ?” ಎಂದಳು ನರ್ಸಮ್ಮ. ಹಗಲು ಪಾಳಿ ಕೊಡಿ ಎಂದು ಕೇಳುತ್ತೇನೆ, ಕೊಟ್ಟರೆ ಕೊಡುತ್ತಾರೆ ಎಂದಳು. ಅಷ್ಟರಲ್ಲಿ ಯಂತ್ರ ಮತ್ತೆ ಶುರುವಾಯಿತು.

ಬೀಗದಕ್ಕ ಹೊರಟಳು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನರ್ಸಮ್ಮ ಬಾಗಿಲಲ್ಲಿ ನಿಂತು ನೋಡಿದಳು. ನೋಡಿದ ಮೇಲೆ ಸುಮ್ಮನಿರುವುದು ಅವಳ ಕೈಲಾಗಲಿಲ್ಲ. ಹಿಂದೆಯೇ ಇಳಿದು ಬಂದು, ಬಾಗಿ, ಬೀಗದಕ್ಕನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿ ನೋಡಿದಳು.

“ಇದು ಊದಿದೆಯಲ್ಲ ಅಕ್ಕ. ಸೋಮವಾರ ಬೆಳಿಗ್ಗೆ ನನ್ನ ಪಾಳಿ ಮುಗಿಯೋ ಹೊತ್ತಿಗೆ ಆಸ್ಪತ್ರೆಗೆ ಬನ್ನಿ. ಕ್ಯೂ ಗೀ ಏನೂ ಬೇಡ, ಡಾಕ್ಟರಿಗೆ ಹೇಳಿ ಹಿಂದಿನ ಬಾಗಿಲಿಂದ ನಾನೇ ಒಳಗೆ ಕರ್ಕೊಂಡು ಹೋಗ್ತೀನಿ.”

ಗಂಡನ ತುಟಿಗೆ ನೀರು ಹಚ್ಚಿದ ಆ ಕೈ ಈಗ ತನ್ನ ಮೊಣಕಾಲ ಮೇಲೆ ಬೆಚ್ಚಗೆ ಕೂತಿತ್ತು. ಬೀಗದಕ್ಕ ಅದನ್ನು ಮೆಲ್ಲಗೆ ಎತ್ತಿ ಬದಿಗಿಟ್ಟಳು.

“ಬೇಡ ನರ್ಸಮ್ಮ” ಎಂದಳು. “ನಾನು ಕ್ಯೂನಲ್ಲೇ ನಿಲ್ತೀನಿ.”