ದೊಣೆಯ ನೀರಿನಲ್ಲಿ ಗಾಜು

ಚಳ್ಳಕೆರೆಯಿಂದ ಮೊದಲ ಬಸ್ಸಿಗೆ ಹೊರಟು ಮೊಳಕಾಲ್ಮೂರಿನ ಈ ಗುಡ್ಡ ಹತ್ತಿದ್ದೆ. ಹೋದ ವರ್ಷ ಅವ್ವ ತೀರಿಕೊಂಡ ಮೇಲೆ, ಬಂಡೆಯಲ್ಲಿ ಮಳೆನೀರು ನಿಲ್ಲುವ ದೊಣೆಯ ಪಕ್ಕ ಕುಳಿತು ಇಲ್ಲೇ ಸಮಾಧಾನ ಕಂಡುಕೊಂಡಿದ್ದೆ. ಇಂದು ನೀರಿನ ತುಂಬ ಒಡೆದ ಬಿಯರ್ ಬಾಟಲಿ. ಕುರಿ ಕಾಯುವ ಹೆಂಗಸೊಬ್ಬಳು ಅಂಚಿನಲ್ಲಿ ಬಗ್ಗಿ ಚೂರು ಆರಿಸುತ್ತಿದ್ದಳು. ಅವಳ ಪಕ್ಕದಲ್ಲಿದ್ದ ಕುರಿಯ ಕಾಲಿಗೆ ಸುತ್ತಿದ್ದ ಬಟ್ಟೆಯಿಂದ ರಕ್ತ ಒಸರುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

“ಯಾವ ಅಯೋಗ್ಯರು ಮಾಡಿದ್ದಮ್ಮ ಇದು?” ಎಂದು ಕೂಗಿದೆ.

“ಯಾರ್ಯಾರೋ ಕಾರ್ನಾಗೆ ಬರ್ತಾರೆ. ಇಲ್ಲಿ ಕುಂತ್ರೆ ಮನ್ಸಿಗೆ ನೆಮ್ದಿ ಅಂತ ಯಾರೋ ಪೇಪರ್‌ನಾಗೆ ಬರ್ದವ್ರಂತೆ, ದಾರಿನೂ ಹೇಳವ್ರಂತೆ. ಕುರಿ ಕುಡಿಯೋಕೆ ಇದೊಂದೇ ನೀರೈತೆ ಅಂತ ಅವ್ರು ಯಾಕ್ರಿ ಬರೀಲಿಲ್ಲ?”

ಬರೆದವನು ನಾನೇ. ನೀರಿನಲ್ಲಿ ಕಂಡ ಮೋಡದ ಬಗ್ಗೆ ಅರ್ಧ ಪುಟ ಬರೆದಿದ್ದೆ. ಕುರಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಕುಡಿದು ಹೋದವರ ಮೇಲಿದ್ದ ಸಿಟ್ಟು ನನ್ನ ಮೇಲೇ ತಿರುಗಿತು. ಅವಳಿಗೆ ನಿಜ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಕುಂತ್ಕೊಳ್ರಿ. ಸಣ್ಣ ಚೂರು ಕಣ್ಣಿಗೆ ಕಾಣಲ್ಲ, ಮೆಲ್ಲಕೆ ಕೈಯಾಡಿಸಿ ನೋಡ್ರಿ. ಬಿರ್ನೆ ಆಗ್ಲಿ, ಕುರಿ ಬಾಯಾರ್ಕೊಂಡವೆ.”