ಮುಚ್ಚಳಕ್ಕೆ ಕಟ್ಟಿದ ಮದುವೆ ಟವಲು

ಪಿರೋತ್ ಊರಿನ ಕ್ಷೌರಿಕ ವೆಲಿಮೀರನ ಹಳೇ ಕಾರಿಗೆ ಎಂಜಿನ್ನು ಹಿಂದೆ. ಬೇಸಿಗೆಯಲ್ಲಿ ಅದರ ಮುಚ್ಚಳಕ್ಕೆ ಮರದ ತುಂಡು ಸಿಕ್ಕಿಸಿ, ಅರ್ಧ ತೆರೆದಿಟ್ಟೇ ಓಡಿಸುತ್ತಿದ್ದ. ಗಾಳಿ ಆಡದಿದ್ದರೆ ಪಂಪಿನೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ಆವಿಯನ್ನು ತಳ್ಳುವ ಶಕ್ತಿ ಆ ಬಡಪಾಯಿ ಪಂಪಿಗಿಲ್ಲ. ಕ್ಷೌರಕ್ಕೆ ಕೂತವರಿಗೆಲ್ಲ ಇದೇ ಪುರಾಣ ಹೇಳಿ ತಲೆ ತಿಂದಿದ್ದ. ಕತ್ತಿ ಅವನ ಕೈಯಲ್ಲಿರುವಾಗ ಬೇಡ ಎನ್ನುವವರು ಯಾರು?

ಮಗಳು ನೆವೆನ್ಕಾಳನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದದ್ದು ಈ ಕಾರಿನಲ್ಲೇ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಒಂದೇ ಆಸೆ: ಮದುವೆಯ ದಿನ ಇದೇ ಕಾರಿನಲ್ಲಿ ಅವಳನ್ನು ಇಗರ್ಜಿಗೆ ಕರೆದೊಯ್ಯಬೇಕು. ಬೀಗರದ್ದು ಹೊಳೆಯುವ ಬಿಳಿ ಕಾರು. ಆದರೂ ಮಗಳು, "ನಾನು ಅಪ್ಪನ ಕಾರಲ್ಲೇ ಬರೋದು" ಎಂದು ಪಟ್ಟು ಹಿಡಿದಿದ್ದಳು.

ಜುಲೈ ತಿಂಗಳ ಮಟಮಟ ಮಧ್ಯಾಹ್ನ. ದಿಬ್ಬಣದ ಕಾರಿಗೆಲ್ಲ ಕಸೂತಿ ಟವಲು ಕಟ್ಟುವುದು ವಾಡಿಕೆ. ವರನ ಸೋದರತ್ತೆ ರಾದೋಯ್ಕಾ ಕಾರಿನ ಹಿಂದೆ ಬಂದು, "ಇದೇನ್ರೀ ಬೀಗರೇ, ಬಾಯಿ ಬಿಟ್ಕೊಂಡು ನಿಂತಿದೆ ನಿಮ್ಮ ಗಾಡಿ! ಊಟ ಹಾಕಿಲ್ವಾ?" ಎಂದು ನಗುತ್ತಾ ಮರದ ತುಂಡು ಕಿತ್ತೆಸೆದಳು. ಮುಚ್ಚಳ ಅದುಮಿ, ಗಾಳಿ ಆಡುವ ಸೀಳುಗಳ ಮೇಲೇ ದಪ್ಪ ಟವಲು ಬಿಗಿದಳು. ವೆಲಿಮೀರ ಬಿಚ್ಚಲೆಂದು ಕೈ ಚಾಚಿದ. ಆದರೆ ವರನ ಕಡೆಯವರು ಕಟ್ಟಿದ ಟವಲು ಬಿಚ್ಚಿದರೆ ಸಂಬಂಧವನ್ನೇ ಬಿಚ್ಚಿದಂತೆ. ಕೈ ಹಿಂದೆಗೆದು, ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ.

ಮುಂದೆ ಕಹಳೆಯವರು ನಡೆದರು, ಹಿಂದೆ ಕಾರುಗಳು ತೆವಳಿದವು. ಚೌಕ ಬಂದಲ್ಲೆಲ್ಲ ನಿಂತು ಕುಣಿತ. ಎಂಜಿನ್ನಿನ ಸದ್ದು ಕೆಡುತ್ತಿರುವುದು ವೆಲಿಮೀರನೊಬ್ಬನಿಗೇ ಕೇಳುತ್ತಿತ್ತು. ಬೇಗ ನಡೀರಪ್ಪಾ ಎಂದು ಒಳಗೊಳಗೇ ಅಂಗಲಾಚಿದ. ಇಗರ್ಜಿಯ ಏರು ಶುರುವಾಗುವಲ್ಲಿ ಕಾರು ಎರಡು ಸಲ ಬಿಕ್ಕಿ, ನಿಂತೇಬಿಟ್ಟಿತು.

ಟವಲು ಕಿತ್ತು ಮುಚ್ಚಳ ಎತ್ತಿದ. ಬಿಸಿ ಮುಖಕ್ಕೆ ರಾಚಿತು. "ಯಾರಾದ್ರೂ ನೀರು ಕೊಡ್ರಪ್ಪಾ!"

ದಿಬ್ಬಣದವರ ಕೈಯಲ್ಲಿ ಇದ್ದದ್ದೆಲ್ಲ ಪ್ಲಮ್ ಹಣ್ಣಿನ ಸಾರಾಯಿ.

"ಇದನ್ನೇ ಸುರೀರಿ ಬೀಗರೇ, ಅದಕ್ಕೂ ಸ್ವಲ್ಪ ಏರ್ಲಿ," ಎಂದ ವರನ ಅಪ್ಪ.

"ಸುರಿದ್ರೆ ಗಾಡಿ, ನಾನು, ನೀವು ಎಲ್ಲಾ ಒಟ್ಟಿಗೆ ಹೊತ್ಕೊಂಡು ಉರೀತೀವಿ!"

ಎಲ್ಲರೂ ಗೊಳ್ಳೆಂದು ನಕ್ಕರು. ಅವನಿಗೆ ಅಳು ಬರುವಂತಿತ್ತು.

ಕಾರನ್ನು ರಸ್ತೆಯ ಅಂಚಿಗೆ ತಳ್ಳಿದರು. ಪಕ್ಕದ ಮನೆಯಿಂದ ನೀರು ಬಂತು. ಟವಲನ್ನೇ ಅದ್ದಿ ಪಂಪಿಗೆ ಸುತ್ತಿದ. ಇನ್ನು ಕಾಯುವುದೊಂದೇ ದಾರಿ. ಆದರೆ ಪಾದ್ರಿಗೆ ಹಿಂದೆಯೇ ಇನ್ನೊಂದು ಮದುವೆಯಿತ್ತು. ಕಾಯಲಾಗದೆಂದು ಮೇಲಿನಿಂದ ಹೇಳಿಕಳಿಸಿದ.

"ಬಾ ಅಪ್ಪ, ಅವರ ಬಿಳಿ ಕಾರಲ್ಲೇ ಹೋಗೋಣ," ಎಂದಳು ನೆವೆನ್ಕಾ.

"ನೀನು ಹೋಗಮ್ಮ. ಈಗ ತಣ್ಣಗಾಗತ್ತೆ, ಹಿಂದೇನೇ ಬರ್ತೀನಿ. ವಾಪಸ್ ಆದ್ರೂ ಇದ್ರಲ್ಲೇ ಕರ್ಕೊಂಡು ಹೋಗ್ತೀನಿ."

ಅವಳು ಒಂದು ಗಳಿಗೆ ಅಲ್ಲೇ ನಿಂತಳು. ಯಾರೋ ಕೈ ಹಿಡಿದು ಬಿಳಿ ಕಾರು ಹತ್ತಿಸಿದರು.

ಟವಲು ಹಬೆಯಾಡುತ್ತಿತ್ತು. ವೆಲಿಮೀರ ಆಗಾಗ ಕೀಲಿ ತಿರುಗಿಸಿದ. ಎಂಜಿನ್ನು ಗೊರಗುಟ್ಟಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಊರಿಗೆಲ್ಲ ಹೇಳಿದ್ದನ್ನು ಟವಲು ಕಟ್ಟಿದ ಆ ಒಬ್ಬ ಹೆಂಗಸಿಗೆ ಹೇಳಲಾಗಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಅಷ್ಟರಲ್ಲಿ ಮೇಲೆ ಗಂಟೆಗಳು ಮೊಳಗಿದವು. ಮದುವೆ ಮುಗಿದಿತ್ತು. ಮತ್ತೆ ಕೀಲಿ ತಿರುಗಿಸಿದ. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಚಾಲೂ ಆಯಿತು.

ಅವನು ಮೇಲೆ ಮುಟ್ಟುವ ಹೊತ್ತಿಗೆ ಗಂಡ ಹೆಂಡತಿ ಬಿಳಿ ಕಾರಿನಲ್ಲಿ ಕೂತಾಗಿತ್ತು. ಕಹಳೆ ಮತ್ತೆ ಶುರುವಾಗಿತ್ತು. ನೆವೆನ್ಕಾ ಕಿಟಕಿಯಿಂದ ಕೈ ಚಾಚಿದಳು.

"ಸ್ಟಾರ್ಟ್ ಆಯ್ತಾ ಅಪ್ಪ?"

"ಒಂದೇ ಸಲಕ್ಕೆ ಕಣಮ್ಮ," ಎಂದ ವೆಲಿಮೀರ.