ಕ್ಲಚ್ಚು ಒತ್ತಿದ ಕಾಲು

ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿಗೆ ಕಾಲಿಟ್ಟವಳು ನಾನೇ ಮೊದಲು. ಲಾರಿ ಓಡಿಸುವವನ ಮಗಳು. ಹಾಸ್ಟೆಲ್ ಸಿಗದೆ ದಿನವೂ ರಾಯಚೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಬಿ.ಎಸ್ಸಿ. ಮುಗಿಸಿದವಳು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಚಿಕ್ಕಮ್ಮ ಲಾರಿಯ ಮುಂದೆ ಲಿಂಬೆಹಣ್ಣು ಕಟ್ಟಲು ಬಂದರೆ, “ಅದರ ಬದ್ಲಿ ಎಣ್ಣಿ ಹಾಕ್ಸು ಚಿಗವ್ವಾ, ಗಾಡಿ ಛಲೋ ಓಡ್ತದ” ಎಂದು ಕಾಡಿಸುತ್ತಿದ್ದೆ. ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಾಗುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ. ಅಪ್ಪ ಮತ್ತು ನಾನು ದೇವದುರ್ಗದಲ್ಲಿ ಗೊಬ್ಬರದ ಚೀಲ ಇಳಿಸಿ ಖಾಲಿ ಲಾರಿಯಲ್ಲಿ ಮಾನ್ವಿಯ ಕಡೆ ಹೊರಟಿದ್ದೆವು. ಅಲ್ಲಿ ಭತ್ತ ಹೇರಿಕೊಂಡು ರಾಯಚೂರಿನ ಮಿಲ್ಲಿಗೆ ಮುಟ್ಟಿಸಬೇಕಿತ್ತು. ಅಪ್ಪನಿಗೆ ನೆಲಕ್ಕೆ ಕೂರಲು ಬರುವುದಿಲ್ಲ. ಮೊಣಕಾಲು ಕೆಟ್ಟು, ನಡೆದರೆ ಬಲಗಾಲು ಎಳೆಯುತ್ತದೆ. ಹೀಗಾಗಿ ಗಾಡಿಯ ಕೆಳಗೆ ನುಸುಳುವ ಕೆಲಸ ರಜೆಯಲ್ಲೆಲ್ಲ ನನ್ನದು. ಹೆಣ್ಣುಮಗಳು ಲಾರಿಯ ಕೆಳಗೆ ಮಲಗುವುದನ್ನು ನೋಡಲು ಜನ ಬೈಕು ನಿಲ್ಲಿಸುತ್ತಿದ್ದರು. ನಿಲ್ಲಿಸಲಿ ಬಿಡಿ.

ಮಟಮಟ ಮಧ್ಯಾಹ್ನ, ಒಂದು ಉಬ್ಬಿನ ಮೇಲೆ ಅಪ್ಪ ಗೇರು ಬದಲಿಸಲು ಹೋದರೆ ಕರಕರ ಸದ್ದು. ಕ್ಲಚ್ ಪೆಡಲು ತುಳಿದದ್ದು ತುಳಿದಂತೆಯೇ ನೆಲಕ್ಕೆ ಕೂತುಬಿಟ್ಟಿತು. ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದೆವು. ಕೈಬ್ರೇಕು ಮೊದಲೇ ನೆಚ್ಚಿಕೆಯದಲ್ಲ, ಹಾಗಾಗಿ ಗೇರಿನಲ್ಲೇ ಬಿಟ್ಟು ಗಾಲಿಗಳಿಗೆ ಕಲ್ಲು ಕೊಟ್ಟೆವು. ಮುಚ್ಚಳ ತೆಗೆದು ನೋಡಿದರೆ ಕ್ಲಚ್ಚಿನ ಎಣ್ಣೆಯ ಡಬ್ಬಿ ಒಣಗಿತ್ತು. ಕೆಳಗೆ ಗೇರುಪೆಟ್ಟಿಗೆಯ ಪಕ್ಕದ ಸಣ್ಣ ಸಿಲಿಂಡರು ಒದ್ದೆಯಾಗಿತ್ತು. ಅದರೊಳಗಿನ ರಬ್ಬರು ಹರಿದಿದೆ ಎಂದು ಇಬ್ಬರಿಗೂ ಗೊತ್ತಾಯಿತು. ಬೇರೆ ರಬ್ಬರು ನಮ್ಮ ಬಳಿಯೇ ಇತ್ತು. ಬದಲಿಸಿದೆ. ಅಪ್ಪ ಮೇಲಿನಿಂದ ಹೊಸ ಎಣ್ಣೆ ತುಂಬಿದ.

ಇನ್ನು ಉಳಿದದ್ದು ಕೊಳವೆಯೊಳಗಿನ ಗಾಳಿ ತೆಗೆಯುವುದು. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಕೆಳಗಿದ್ದವರು “ಒತ್ತು” ಎಂದಾಗ ಮೇಲಿದ್ದವರು ಪೆಡಲು ಒತ್ತಿ ಹಿಡಿಯಬೇಕು. ಆಗ ಕೆಳಗಿದ್ದವರು ಸಿಲಿಂಡರಿನ ನಿಪ್ಪಲು, ಅಂದರೆ ಗಾಳಿ ಬಿಡುವ ತಿರುಪು, ಸಡಿಲಿಸಿ, ಗಾಳಿ ಹೋದ ಮೇಲೆ ಬಿಗಿ ಮಾಡಿ, “ಬಿಡು” ಅನ್ನಬೇಕು. ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಹೀಗೆಯೇ. ನಮ್ಮಲ್ಲಿ ಇನ್ನೊಂದು ರೂಢಿಯಿದೆ. ಮೇಲಿದ್ದವರು ಪ್ರತಿ ಸಲ “ಹಿಡದೀನಿ” ಎಂದು ಬಾಯಿಬಿಟ್ಟು ಹೇಳಲೇಬೇಕು. ಕೆಳಗಿದ್ದವರ ಬೆರಳುಗಳು ಆ ಮಾತಿನ ಮೇಲೆಯೇ ನಿಂತಿರುತ್ತವೆ.

“ತಡಿಯವ್ವಾ, ಆ ಪಂಪ್‌ಸೆಟ್ಟಿನ್ಯಾಗ ಕುಡಿಯಾಕ ನೀರು ತರ್ತೀನಿ. ನಾಲಿಗಿ ಕಟಿಗಿ ಆಗ್ಯಾದ” ಎಂದು ಅಪ್ಪ ಕ್ಯಾನು ಹಿಡಿದು ಹೋದ. ನಾನು ಕೆಳಗೇ ನೆರಳಿಗೆ ಮಲಗಿದ್ದೆ.

ಸ್ವಲ್ಪ ಹೊತ್ತಿನಲ್ಲಿ ತಲೆಯ ಮೇಲೆ ಸೀಟಿನ ಸ್ಪ್ರಿಂಗು ಕಿರ್ ಎಂದಿತು. ಗಾಡಿ ಚೂರು ತಗ್ಗಿತು. “ಬಂದ್ಯಾ ಯಪ್ಪಾ? ಒತ್ತು” ಅಂದೆ. ಒತ್ತಿದ. ಪೆಡಲಿಗೆ ತಕ್ಕಂತೆ ಆಡುವ ಕ್ಲಚ್ಚಿನ ಸನ್ನೆಕೋಲು ನನ್ನ ಕಣ್ಣೆದುರೇ ಸರಿಯಿತು. ಆದರೆ “ಹಿಡದೀನಿ” ಎಂಬ ಮಾತು ಬರಲಿಲ್ಲ. “ಯಾಕ, ನೀರು ಕುಡದ್ರೂ ಬಾಯಿ ಬಿಡವಲ್ಲಿ?” ಎಂದು ಚೇಷ್ಟೆ ಮಾಡಿ ನಿಪ್ಪಲು ಸಡಿಲಿಸಿದೆ. ಬುಸ್ ಎಂದು ಗಾಳಿ ಬಂತು. ಬಿಗಿ ಮಾಡಿ “ಬಿಡು” ಅಂದೆ. ಬಿಟ್ಟ. ಮತ್ತೆ ಒತ್ತು, ಮತ್ತೆ ಬಿಡು. ಕೆಲಸ ಸಲೀಸಾಗಿ ಸಾಗಿತು. ಕೊನೆಗೆ ಗುಳ್ಳೆ ನಿಂತು ಶುದ್ಧ ಎಣ್ಣೆ ಬಂತು. ನಿಪ್ಪಲು ಪೂರ್ತಿ ಬಿಗಿದು “ಬಿಡು” ಅಂದು, ಸರಿಹೋಯಿತೇ ನೋಡಲು ಇನ್ನೊಮ್ಮೆ “ಒತ್ತು” ಅಂದೆ. ಒತ್ತಿದ. ಬೆವರು ಒರೆಸಿಕೊಳ್ಳಲು ಮುಖ ಪಕ್ಕಕ್ಕೆ ತಿರುಗಿಸಿದೆ.

ಗಾಲಿಗಳ ನಡುವಿನಿಂದ ರಸ್ತೆ ಕಾಣುತ್ತಿತ್ತು. ದೂರದಲ್ಲಿ, ಬಿಸಿಲಿನಲ್ಲಿ ಎರಡು ಕಾಲು ಬರುತ್ತಿದ್ದವು. ಬಲಗಾಲು ಎಳೆಯುತ್ತಿತ್ತು. ಪಕ್ಕದಲ್ಲಿ ನೀರಿನ ಕ್ಯಾನು ತೂಗುತ್ತಿತ್ತು.

ಸನ್ನೆಕೋಲು ಇನ್ನೂ ಒತ್ತಿದ ಸ್ಥಿತಿಯಲ್ಲೇ ಇತ್ತು.

ಕೀಲಿ ಗಾಡಿಯಲ್ಲೇ ಇದೆ, ಗಾಡಿ ಗೇರಿನಲ್ಲಿದೆ. ಮೇಲಿರುವುದು ಕೀಲಿ ತಿರುವಿ ಆ ಕಾಲು ಎತ್ತಿತೆಂದರೆ ಲಾರಿ ಕಲ್ಲು ಹಾರಿ ನನ್ನ ಮೇಲೆಯೇ ಹೋಗುತ್ತದೆ. ಇದು ಲೆಕ್ಕ ಬಲ್ಲವಳ ಹೆದರಿಕೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ಮೇಲಿರುವುದು ನನ್ನ ಮಾತಿಗೆ ಕಾಯುತ್ತಿದೆ. ಒತ್ತು ಎಂದಾಗ ಒತ್ತಿದೆ. ಬಿಡು ಎನ್ನುವ ತನಕ ಬಿಡುವುದಿಲ್ಲ.

ಅಪ್ಪನ ಕಾಲುಗಳು ಲಾರಿಯ ಬಳಿ ಬಂದು ಬಾಗಿಲಿನ ಕೆಳಗೆ ನಿಂತವು. ಆಗ ಕೂಗಿದೆ.

“ಯಪ್ಪಾ, ಬಾಗಿಲ ತಗೀಬ್ಯಾಡ!”

“ಯಾಕವ್ವಾ? ಯಾರ ಜೋಡಿ ಮಾತಾಡಾಕತ್ತಿದ್ದಿ?”

ಕಣ್ಣು ಸನ್ನೆಕೋಲಿನ ಮೇಲಿಟ್ಟು, ನನಗೇ ಕೇಳಿಸದಷ್ಟು ಸಣ್ಣಗೆ “ಬಿಡು” ಅಂದೆ. ಸನ್ನೆಕೋಲು ನಿಧಾನವಾಗಿ ಹಿಂದೆ ಸರಿಯಿತು. ಅಪ್ಪ ಯಾವತ್ತೂ ಹಾಗೆ ಬಿಟ್ಟವನಲ್ಲ, ದಡಕ್ಕನೆ ಕಾಲೆತ್ತುವುದು ಅವನ ಚಾಳಿ. ಇದು ಕೆಳಗೊಬ್ಬಳಿದ್ದಾಳೆ ಎಂಬ ಕಾಳಜಿಯಿಂದ ಬಿಟ್ಟ ಹಾಗಿತ್ತು.

ಹೇಗೋ ಹೊರಗೆ ತೆವಳಿ ಬಂದೆ. ಅಪ್ಪನ ಕಡೆಯ ಬಾಗಿಲು ಮುಚ್ಚಿತ್ತು. ಇನ್ನೊಂದು ಬದಿಯದಕ್ಕೆ ಯಾವಾಗಲೂ ಒಳಗಿನಿಂದ ತಂತಿ ಬಿಗಿದಿರುತ್ತದೆ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಯಾರೂ ಇಲ್ಲ. ಅಪ್ಪ ಬಾಗಿಲು ತೆಗೆದು ಕೈಯಿಂದ ಪೆಡಲು ಒತ್ತಿ ನೋಡಿದ. ಗಟ್ಟಿಯಾಗಿತ್ತು. “ಒಬ್ಬಾಕಿನ ಗಾಳಿ ಹೆಂಗ ತಗದಿ?” ಎಂದು ಕೇಳಿದ. ಹೇಳಿದೆ.

ಅಪ್ಪ ನಗಲಿಲ್ಲ. ಬಾಗಿಲು ಅಗಲಕ್ಕೆ ತೆರೆದು ಹಿಡಿದು, ತಲೆಯ ಟವೆಲು ತೆಗೆದು, ಖಾಲಿ ಸೀಟಿಗೆ ಹೇಳಿದ: “ಯಾರರ ಇರ್ರಿ, ಉಪಕಾರ ಆತು. ಇನ್ನ ಇಳೀರಿ. ನಮ್ಮ ಹುಡಿಗಿ ಅಂಜ್ಯಾಳ.” ಮನೆಗೆ ಬಂದ ಬೀಗರಿಗೆ ಹೇಳುವಂತೆ ಹೇಳಿದ. ಒಬ್ಬರು ಇಳಿದು ಹೋಗುವಷ್ಟು ಜಾಗ ಬಿಟ್ಟು ನಾವಿಬ್ಬರೂ ಬಿಸಿಲಲ್ಲಿ ಸರಿದು ನಿಂತೆವು. ಸ್ಪ್ರಿಂಗಿನ ಸದ್ದಿಗೆ ಕಿವಿಗೊಟ್ಟೆ. ಏನೂ ಕೇಳಲಿಲ್ಲ.

ನಾನು ಮುಂದೆ ಹತ್ತಲು ಒಪ್ಪಲಿಲ್ಲ. ಮಾನ್ವಿಯ ತನಕ ಹಿಂದೆ ಸರಕು ಹೇರುವ ಖಾಲಿ ಡಬ್ಬಿಯಲ್ಲಿ, ಕಾದ ತಗಡಿನ ಮೇಲೆ ಕೂತು ಹೋದೆ. ಅಲ್ಲಿ ಇಳಿದ ಮೇಲೆ, “ಅವರು ಇಳದ್ರೇನು ಯಪ್ಪಾ?” ಎಂದು ಕೇಳಿದೆ.

“ನಾ ಕೇಳಿಲ್ಲವ್ವಾ,” ಅಂದ ಅಪ್ಪ. “ಕೇಳಿ, ಇಲ್ಲ ಅಂದ್ರ ಏನ್ಮಾಡ್ಲಿ?”

ಬಿಸಿಲಿನ ಭ್ರಮೆ ಎನ್ನೋಣವೆಂದರೆ ಗಾಳಿ ನಿಜವಾಗಿ ಹೋಗಿತ್ತು, ಗಾಡಿ ನಿಜವಾಗಿ ಓಡಿತು. ತಾನಾಗಿ ಆಯಿತು ಎನ್ನಲು ನಾನು ಕಲಿತ ವಿಜ್ಞಾನ ಬಿಡುವುದಿಲ್ಲ. ಆ ಲಾರಿ ಈಗಲೂ ನಮ್ಮ ಮನೆಯ ಮುಂದೆ ನಿಲ್ಲುತ್ತದೆ. ಅದರ ಕ್ಲಚ್ಚು ಮತ್ತೆ ಕೆಟ್ಟಿಲ್ಲ. ಕೆಡದಿರಲಿ ಎಂದು, ಯಾರನ್ನು ಎಂದು ತಿಳಿಯದೆಯೇ, ಬೇಡಿಕೊಳ್ಳುತ್ತೇನೆ. ಕೆಟ್ಟರೆ ಕೆಳಗೆ ಮಲಗಬೇಕಾದವಳು ನಾನು. ಮೇಲೆ ಕೂತವನು ಅಪ್ಪನೇ ಎಂದು ಕಣ್ಣಾರೆ ನೋಡಿ ಮಲಗಿದರೂ, “ಒತ್ತು” ಎಂಬ ಮಾತು ನನ್ನ ಬಾಯಿಂದ ಹೊರಡಲಾರದು.